ಸಂಕಪ್ಪನ ಹೊಟೇಲಿನ ಊಟ

ಹೊಟೇಲಿನ ಮೆಟ್ಟಿಲಿಗೆ ಒಂದು ಕಾಲಿಟ್ಟ ಶಿವಬಸವ್ವ ಇನ್ನೊಂದು ಕಾಲನ್ನು ಎತ್ತಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ, ಗಡಿಯಾರ ರಿಪೇರಿಯವನ ಗಾಜಿನ ಪೆಟ್ಟಿಗೆಯ ಮುಂದೆ, ಬೂದು ಟೋಪಿಯ ಆ ಮನುಷ್ಯ ಮತ್ತೆ ನಿಂತಿದ್ದ. ಕಂಕುಳಲ್ಲಿ ಅದೇ ಛತ್ರಿ. ನಡುವೆ ಸೋಜರರನ್ನು ತುಂಬಿಕೊಂಡ ಮಿಲಿಟರಿ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಅಡಗಿದ ಮೇಲೂ ಅವನು ಅಲ್ಲೇ ಇದ್ದ. ಕೊಳ್ಳುವ ಗಡಿಯಾರ ಆರಿಸುವವನ ಹಾಗೆ ಬಗ್ಗಿ ನೋಡುತ್ತಿದ್ದ.

ಅವಳು ನಿಂತದ್ದನ್ನು ಅಳಿಯ ನಿಜಲಿಂಗಪ್ಪ ಬೇರೆ ರೀತಿ ತಿಳಿದುಕೊಂಡ.

"ಅಂಜಬ್ಯಾಡ್ರಿ ಅತ್ತಿ. ಬೋರ್ಡಿನ ಮ್ಯಾಲ ಶುದ್ಧ ಶಾಕಾಹಾರಿ ಅಂತ ಬರದಾರ. ತತ್ತಿ ಸೈತ ಒಳಗ ಬರಂಗಿಲ್ಲ."

ಶಿವಬಸವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಅವನ ಮಾತಿಗೆ ಕತ್ತೆತ್ತಿ ಬೋರ್ಡು ನೋಡಿದಳು. ಹುಟ್ಟಿದಾಗಿನಿಂದ ಪರರ ಒಲೆಯ ಮೇಲೆ ಬೆಂದದ್ದನ್ನು ಅವಳು ಬಾಯಿಗಿಟ್ಟವಳಲ್ಲ. ತನ್ನೂರು ಇಂಡಿಯಿಂದ ಪುಣೆಗೆ ಬರುವಾಗಲೂ ಹಾದಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ರೈಲು ಹತ್ತಿದ್ದಳು. ಹೊಟೇಲಿಗೆ ಹೋಗೋಣವೆಂದು ಅಳಿಯ ನಿನ್ನೆ ಅಂದಾಗ, ಈ ವಯಸ್ಸಿನಲ್ಲಿ ನನಗೇಕೆ ಅದೆಲ್ಲ ಎಂದು ಕೈ ಆಡಿಸಿಬಿಟ್ಟಿದ್ದಳು. ಅವನು ಬಿಡಲಿಲ್ಲ. ನನ್ನ ಸಲುವಾಗಿ ಒಂದೇ ಸಲ ಬನ್ನಿ ಎಂದು ಬೆಳಗಿನಿಂದ ಬೆನ್ನು ಹತ್ತಿದ್ದ. ಮದುವೆಯಾದಾಗಿನಿಂದ ಹೆಂಡತಿಗೆ ಹೊಟೇಲಿನ ಒಂದು ಕಪ್ ಚಹಾ ಕುಡಿಸದ ಗಂಡನಿಗೆ ಇಂದೇನು ಬಂತೆಂದು ಮಗಳು ಕಲ್ಲವ್ವ ಕೂಡ ಬೆರಗಾಗಿದ್ದಳು.

ತಲೆ ನೋಯುತ್ತಿದೆ, ತಿರುಗಿ ಹೋಗೋಣ ಎಂದು ಶಿವಬಸವ್ವ ಮೆಲ್ಲಗೆ ಹೇಳಿ ನೋಡಿದಳು. ನಿಜಲಿಂಗಪ್ಪನ ಮುಖ ಸಣ್ಣದಾಯಿತು. ಅವನು ಕೋಟಿನ ಗುಂಡಿ ತಿರುವುತ್ತ, ಇಲ್ಲಿಯತನಕ ಬಂದು ತಿರುಗಿ ಹೋಗಬಾರದು ಎಂದ. ಕಂಕುಳಲ್ಲಿ ಕೂಸು ಹೊತ್ತ ಕಲ್ಲವ್ವ ಆಗಲೇ ಬಾಗಿಲು ದಾಟಿದ್ದಳು. ಶಿವಬಸವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಒಳಗೆ ಹೋದಳು.

ಅವಳಿಗೆ ಇದ್ದದ್ದು ಎರಡೇ ಮಕ್ಕಳು. ಪುಣೆಗೆ ಕೊಟ್ಟ ಕಲ್ಲವ್ವ ಮತ್ತು ಅವಳ ಬೆನ್ನಿಗೆ ಬಿದ್ದ ಮುರುಗೆಪ್ಪ. ಗಂಡ ಬೇಗ ತೀರಿಹೋಗಿದ್ದರಿಂದ ಹೊಲ, ಮನೆ, ಎತ್ತು ಎಲ್ಲಕ್ಕೂ ಮುರುಗೆಪ್ಪನೇ ಆಧಾರವಾಗಿದ್ದ. ಹಿಂದಿನ ಶ್ರಾವಣದಲ್ಲಿ ಊರೂರಿಗೂ ಚಲೇಜಾವ್ ಚಳವಳಿ ಹತ್ತಿಕೊಂಡಿತು. ಮುರುಗೆಪ್ಪ ತನ್ನ ಗೆಳೆಯ ಮಲಕಪ್ಪನ ಜೊತೆ ಸೇರಿ ರೈಲುಹಳಿಯ ಗುಂಟ ಹೋದ ತಂತಿ ಕತ್ತರಿಸಿದ. ಚಾವಡಿಯ ದಫ್ತರಗಳಿಗೆ ಬೆಂಕಿ ಇಟ್ಟ. ಅಂದು ಹೋದವನು ಮತ್ತೆ ಮನೆಗೆ ಬರಲಿಲ್ಲ. ಮಲಕಪ್ಪ ಸೊಲ್ಲಾಪುರದಲ್ಲಿ ಸಿಕ್ಕಿಬಿದ್ದ. ಚಳಿ ಮುಗಿಯುವ ಹೊತ್ತಿಗೆ ಅವನನ್ನು ಬಿಟ್ಟು ಕಳಿಸಿದರು. ಮನೆಗೆ ಬಂದವನ ಬೆರಳುಗಳು ಮಡಚುತ್ತಿರಲಿಲ್ಲ. ಹರೆಯದ ಗಂಡುಮಗನಿಗೆ ಅವನ ತಾಯಿ ತುತ್ತು ಮಾಡಿ ಉಣಿಸುವುದನ್ನು ಶಿವಬಸವ್ವ ಕಣ್ಣಾರೆ ನೋಡಿ ಬಂದಿದ್ದಳು. ಅಂದಿನಿಂದ ತಾನು ಊಟಕ್ಕೆ ಕೂತಾಗಲೆಲ್ಲ ಅವಳಿಗೆ ತನ್ನ ಬೆರಳುಗಳನ್ನು ನೋಡಲಾಗುತ್ತಿರಲಿಲ್ಲ.

ಫೌಜದಾರ ಅವಳನ್ನೂ ಚಾವಡಿಗೆ ಕರೆಸಿ ಬಿಸಿಲಲ್ಲಿ ನಿಲ್ಲಿಸಿದ್ದ. ಮಗ ಎಲ್ಲಿದ್ದಾನೆ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಹೇಗಿದ್ದಾನೆ ಎಂದು ಕೇಳಿದ. ಕಪ್ಪಗೆ, ಎತ್ತರಕ್ಕೆ, ಮೀಸೆ ಬಿಟ್ಟವ ಎಂದಳು. ಅಂಥವರು ಊರಿಗೆ ಹತ್ತು ಮಂದಿ ಇದ್ದರು. ಮುರುಗೆಪ್ಪನ ಫೋಟೋ ಯಾರೂ ಎಂದೂ ತೆಗೆಸಿರಲಿಲ್ಲ.

ಈ ಗಲಾಟೆಯಲ್ಲೇ ಕಲ್ಲವ್ವ ಬಸಿರಾಗಿದ್ದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದದ್ದು. ಪೊಲೀಸರು ಕಾಲಿಟ್ಟ ಮನೆಗೆ ಹೆಂಡತಿಯನ್ನು ಕಳಿಸಲು ನಿಜಲಿಂಗಪ್ಪ ಒಪ್ಪಲಿಲ್ಲ. ಅವನು ಮಿಲಿಟರಿ ಅಕೌಂಟ್ಸ್ ಕಚೇರಿಯಲ್ಲಿ ಕಾರಕೂನ. ಸರಕಾರದ ಅನ್ನ ತಿನ್ನುವವನು. ಮುರುಗೆಪ್ಪನ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ಹೆಂಡತಿಗೆ ತಾಕೀತು ಮಾಡಿದ್ದ. ಹಾಕಿದ ಚಿಲಕವನ್ನು ಮತ್ತೊಮ್ಮೆ ಮುಟ್ಟಿ ನೋಡುವ, ಮಗು ಜೋರಾಗಿ ಅತ್ತರೂ ಹೊರಗೆ ಇಣುಕುವ ಪುಕ್ಕಲ ಎಂದು ಶಿವಬಸವ್ವ ಅವನನ್ನು ಒಳಗೊಳಗೇ ಹೀಗಳೆಯುತ್ತಿದ್ದಳು. ಮೊಮ್ಮಗಳ ಮುಖ ನೋಡಲು ಅವಳು ತಾನೇ ಪುಣೆಗೆ ಬರಬೇಕಾಯಿತು.

ಬೂದು ಟೋಪಿಯವನು ಸಿಕ್ಕದ್ದು ಆ ರೈಲಿನಲ್ಲಿ. ಸೊಲ್ಲಾಪುರದಲ್ಲಿ ಹತ್ತಿ ಅವಳ ಎದುರಿಗೇ ಕೂತಿದ್ದ. ಕನ್ನಡ ಮರಾಠಿ ಬೆರೆಸಿ ಮಾತಾಡುತ್ತಿದ್ದ. ದೌಂಡದಲ್ಲಿ ಗಾಡಿ ಬಹಳ ಹೊತ್ತು ನಿಂತಾಗ ಅವಳ ತಂಬಿಗೆಯನ್ನು ಇಸಿದುಕೊಂಡು ಹೋಗಿ ನೀರು ತುಂಬಿಸಿ ತಂದುಕೊಟ್ಟ. ಎಲ್ಲಿಗೆ ಹೊರಟಿರಿ, ಮಕ್ಕಳೆಷ್ಟು ಎಂದು ಕೇಳಿದ. ಒಳ್ಳೆಯ ಮನುಷ್ಯನೆಂದು ಅವಳು ಎಲ್ಲ ಹೇಳಿದಳು. ಅಳಿಯನ ಕಚೇರಿ, ಭವಾನಿ ಪೇಟೆಯಲ್ಲಿ ಅವನು ಬಾಡಿಗೆಗಿದ್ದ ವಾಡೆ, ಅಲ್ಲಿ ಇಳಿದುಕೊಳ್ಳುವ ದಿನಗಳು ಎಲ್ಲವನ್ನೂ. ಮಗ ಎಲ್ಲಿದ್ದಾನೋ ಶಿವನಿಗೇ ಗೊತ್ತು ಎಂದು ಕಣ್ಣೊರೆಸಿಕೊಂಡಿದ್ದಳು ಕೂಡ.

ಮರುದಿನ ಅವನು ವಾಡೆಯ ಎದುರಿನ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಅವನ ಮನೆಯೂ ಇತ್ತಲೇ ಇರಬೇಕೆಂದು ಅಂದುಕೊಂಡಳು. ಸಂಜೆ ನಳದ ಹತ್ತಿರ ಹೋದಾಗ ಅಲ್ಲೂ ಇದ್ದ. ಆಗ ಅವಳಿಗೆ ಹೊಳೆಯಿತು. ತಾನು ಮಗನನ್ನು ನೋಡಲು ಬಂದಿದ್ದೇನೆಂದು ಈತ ತಿಳಿದಿದ್ದಾನೆ. ತನ್ನ ಬೆನ್ನು ಹತ್ತಿದರೆ ಮುರುಗೆಪ್ಪ ಸಿಗುತ್ತಾನೆಂದು ಕಾಯುತ್ತಿದ್ದಾನೆ. ಇದನ್ನು ಯಾರಿಗೆ ಹೇಳುವುದು? ಮಗಳಿಗೆ ಹೇಳಿದರೆ ಹಾಲು ಬತ್ತೀತು. ಅಳಿಯನಿಗೆ ಹೇಳಿದರೆ ಅವನು ಮರುದಿನವೇ ಗಾಡಿ ಹತ್ತಿಸಿಯಾನು. ಮಗ ಹೇಗೂ ಇಲ್ಲಿಲ್ಲ, ಕಾಯುವವನು ಕಾಯಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು.

ಹೊಟೇಲಿನ ಒಳಗೆ ಕಾಫಿಯ, ಇಂಗಿನ, ತೊಳೆದ ಕಲ್ಲುಮೇಜುಗಳ ವಾಸನೆ ಇತ್ತು. ಹಣದ ಗಲ್ಲೆಯ ಹಿಂದೆ ಕೂತಿದ್ದ ಮಾಲಿಕ ಸಂಕಪ್ಪ ಮಂಗಳೂರು ಕಡೆಯವನು. ನಿಜಲಿಂಗಪ್ಪನನ್ನು ನೋಡಿ ಎದ್ದು ಬಂದ. ಹೆಂಗಸರಿಗಾಗಿ ಮೂಲೆಯಲ್ಲಿ ಪರದೆ ಹಾಕಿದ ಒಂದು ಕೋಣೆ ಇತ್ತು. ನಿಜಲಿಂಗಪ್ಪ ಮೊದಲೇ ಅದನ್ನು ಹೇಳಿಟ್ಟಿದ್ದನೆಂದು ಕಾಣುತ್ತದೆ. ಆದರೆ ಅದರಲ್ಲಿ ಯಾರೋ ದೊಡ್ಡ ಸಂಸಾರ ಬಂದು ಕೂತುಬಿಟ್ಟಿತ್ತು. ಸಂಕಪ್ಪ ಕೈ ಹೊಸೆದ. ತುಸು ಹೊತ್ತು ಕಾಯುತ್ತೀರಾ ಎಂದ. ಅಷ್ಟರಲ್ಲಿ ಕೂಸು ಅಳಲು ಸುರು ಮಾಡಿತು. ಕಲ್ಲವ್ವ ಗೋಡೆಯ ಪಕ್ಕದ ಮೇಜಿಗೆ ಹೋಗಿ, ಅಡಿಗೆಮನೆಗೆ ಬೆನ್ನು ಮಾಡಿ ಕೂತೇಬಿಟ್ಟಳು. ನಿಜಲಿಂಗಪ್ಪ ಪರದೆಯತ್ತ ಒಮ್ಮೆ, ಹೆಂಡತಿಯತ್ತ ಒಮ್ಮೆ ನೋಡಿ, ಬೇರೆ ದಾರಿಯಿಲ್ಲದೆ ಅವಳ ಪಕ್ಕದಲ್ಲಿ ಕೂತ. ಶಿವಬಸವ್ವನಿಗೆ ಎದುರಿನ ಕುರ್ಚಿ ಉಳಿಯಿತು. ಅಲ್ಲಿಂದ ಅಡಿಗೆಮನೆಯ ಬಾಗಿಲು ನೇರ ಕಾಣುತ್ತಿತ್ತು. ಎಡಕ್ಕೆ ತಿರುಗಿದರೆ ಬೀದಿಬಾಗಿಲು.

ಕೂತಳೋ ಇಲ್ಲವೋ, ಬೀದಿಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು. ಬೂದು ಟೋಪಿಯವನು ಛತ್ರಿಯನ್ನು ಕುರ್ಚಿಗೆ ತೂಗುಹಾಕಿ, ಎರಡು ಮೇಜು ಆಚೆ ಅವರ ಕಡೆಗೇ ಮುಖ ಮಾಡಿ ಕೂತ. ಕಾಫಿ ತರಹೇಳಿದ.

ಊಟದ ತಾಟುಗಳು ಬಂದವು. ಬಡಿಸಲು ಬಂದ ಹಿರಿಯ, ಸುಬ್ಬಯ್ಯ ಎಂಬಾತ, ಅನ್ನ, ಪಲ್ಯ, ಕೋಸಂಬರಿ ಹಾಕಿ ಹೋದ. ಯುದ್ಧದ ಕಾಲವಾದ್ದರಿಂದ ಅನ್ನ ಎರಡನೆಯ ಸಲ ಸಿಗದೆಂದು ನಿಜಲಿಂಗಪ್ಪ ಹೇಳುತ್ತಿದ್ದ. ಅವನ ಧ್ವನಿ ಎಂದಿನಂತಿರಲಿಲ್ಲ. ಅವನು ಮಾತಾಡುತ್ತಲೇ ಅಡಿಗೆಮನೆಯ ಕಡೆ ಕತ್ತು ತಿರುಗಿಸಿದ. ಮತ್ತೆ ಅತ್ತೆಯ ಮುಖ ನೋಡಿದ. ಹಬ್ಬದ ಸೀರೆ ತಂದು ಬಚ್ಚಿಟ್ಟವನ ಮುಖದ ಹಾಗೆ ಇತ್ತು ಅದು.

"ಕುಶಲಾ, ಗೋಡೆಯ ಮೇಜಿಗೆ ಸಾರು," ಎಂದು ಸಂಕಪ್ಪ ಕೂತಲ್ಲಿಂದಲೇ ಕರೆದ.

ಹಿತ್ತಾಳೆಯ ಬಕೆಟು ಹಿಡಿದು ಹೊರಬಂದವನಿಗೆ ಮೀಸೆ ಇರಲಿಲ್ಲ. ತಲೆ ನುಣ್ಣಗೆ ಬೋಳಿಸಿತ್ತು. ಮೊಣಕಾಲಿಗೆ ಎತ್ತಿ ಕಟ್ಟಿದ ಬಿಳಿ ಪಂಚೆ, ಹೆಗಲಿಗೊಂದು ಚೌಕ. ಎದೆಯ ಎಲುಬುಗಳನ್ನು ಎಣಿಸಬಹುದಿತ್ತು. ನಡಿಗೆ ಮಾತ್ರ ಬದಲಾಗಿರಲಿಲ್ಲ. ಬಲಗಾಲನ್ನು ತುಸು ಹೊರಕ್ಕೆ ಹಾಕಿ ನಡೆಯುವ ಆ ನಡಿಗೆಯನ್ನು, ಅವನು ಗೋಡೆ ಹಿಡಿದು ಮೊದಲ ಹೆಜ್ಜೆ ಹಾಕಿದ ದಿನದಿಂದ ಶಿವಬಸವ್ವ ಬಲ್ಲಳು.

ಬಂದದ್ದು ಸಂತೋಷವೋ ಅಳುವೋ ಎಂದು ತಿಳಿಯುವ ಮೊದಲೇ ಹೆದರಿಕೆ ಅವಳನ್ನು ಹಿಡಿಯಿತು. ಅಳಿಯ ಯಾಕೆ ಅಷ್ಟು ಹಟ ಹಿಡಿದ, ಪರದೆಯ ಕೋಣೆ ಯಾಕೆ ಬೇಕಿತ್ತು ಎಂಬುದೆಲ್ಲ ಒಂದೇ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಈ ಪುಕ್ಕಲು ಮನುಷ್ಯ ತನ್ನ ನೌಕರಿ, ಸಂಸಾರ ಎಲ್ಲವನ್ನೂ ಒತ್ತೆ ಇಟ್ಟು ಮುರುಗೆಪ್ಪನನ್ನು ಕುಶಲನೆಂಬ ಹೆಸರಿನಲ್ಲಿ ಇಲ್ಲಿ ಅಡಗಿಸಿದ್ದಾನೆ. ಇಂದು ತಾಯಿಗೆ ಮಗನನ್ನು ತೋರಿಸಲು ಕರೆತಂದಿದ್ದಾನೆ. ತಾನು ಬಾಯಿ ಮುಚ್ಚಿಕೊಂಡಿದ್ದರಿಂದ, ಬೆನ್ನ ಹಿಂದೆ ಯಾರು ಬಂದಿದ್ದಾರೆಂದು ಅವನಿಗೆ ಗೊತ್ತಿಲ್ಲ.

ಅವಳು ತಲೆ ತಗ್ಗಿಸಿದಳು. ಎರಡು ಮೇಜಿನಾಚೆ ಕಾಫಿಯ ಬಟ್ಟಲು ಕೆಳಗಿಟ್ಟ ಸದ್ದು ಕೇಳಿಸಿತು. ಆ ಮನುಷ್ಯನಿಗೆ ಮುರುಗೆಪ್ಪನ ಮುಖ ಗೊತ್ತಿಲ್ಲ. ಅವನು ನೋಡುತ್ತಿರುವುದು ತನ್ನ ಮುಖವನ್ನು. ಅದರಲ್ಲಿ ಒಂದು ಗೆರೆ ಆಚೀಚೆಯಾದರೆ ಸಾಕು. ಅವಳು ತಾಟಿನ ಅಂಚನ್ನು ನೋಡುತ್ತ, ಮಲಕಪ್ಪನ ಬೆರಳುಗಳನ್ನು ನೆನೆಸಿಕೊಳ್ಳಬಾರದೆಂದು ಹಲ್ಲು ಕಚ್ಚಿದಳು. ಮೇಜಿನ ಕೆಳಗೆ ಕಾಲು ಚಾಚಿ ಮಗಳ ಪಾದವನ್ನು ಒತ್ತಿ ಹಿಡಿದಳು. ಕೂಸಿಗೆ ಹಾಲೂಡುತ್ತಿದ್ದ ಕಲ್ಲವ್ವ ಏನೆಂದು ತಿಳಿಯದೆ ತಾಯಿಯನ್ನು ನೋಡಿದಳು.

ಬಿಳಿ ಪಂಚೆ ಪಕ್ಕಕ್ಕೆ ಬಂದು ನಿಂತಿತು.

"ಸಾರು ಹಾಕ್ಲಿಕ್ಕಾ?"

ಅದು ಅವನ ಮಾತಲ್ಲ. ಯಾರೋ ಕಲಿಸಿದ, ಸಮುದ್ರದ ಕಡೆಯವರ ಮಾತು. ಧ್ವನಿ ಮಾತ್ರ ಅವನದೇ. ಅವಳು ಹೂಂ ಎನ್ನಲಿಲ್ಲ, ಕತ್ತು ಎತ್ತಲಿಲ್ಲ. ಸೌಟು ಅನ್ನದ ಮೇಲೆ ಬಂತು. ಅದು ಅಲ್ಲೇ ಅಲುಗುತ್ತ ನಿಂತಿತು. ಅವನಿಗೆ ಅವಳು ಬರುವುದು ಗೊತ್ತಿತ್ತು; ಪರದೆಯ ಒಳಗೆ ಎರಡು ಮಾತಾಡಲು ಸಿದ್ಧನಾಗಿದ್ದ. ಹೀಗೆ ಎಲ್ಲರ ನಡುವೆ ಅವಳ ನೆತ್ತಿಯ ಬಿಳಿಕೂದಲನ್ನು ಮೇಲಿನಿಂದ ನೋಡುವಾಗ ಅವನ ಕೈ ಸೋತಿತು. ಸುಡುಸುಡುವ ಸಾರು ಅವಳ ಮುಂಗೈ ಮೇಲೆ ಚೆಲ್ಲಿತು.

"ಅ..." ಎಂದು ಅವನ ಬಾಯಿ ತೆರೆಯಿತು.

ಮುಂದಿನ ಅಕ್ಷರ ಯಾವುದು ಬರುತ್ತಿತ್ತೋ, ಹೊಟೇಲಿನವರು ಕಲಿಸಿದ ಅಮ್ಮ ಎಂದೋ, ಹುಟ್ಟಿದಾಗಿನಿಂದ ಕರೆದ ಅವ್ವ ಎಂದೋ, ಅವಳಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವಷ್ಟು ಹೊತ್ತು ಅವಳು ಕಾಯಲಿಲ್ಲ. ಕುರ್ಚಿಯನ್ನು ಹಿಂದೆ ದೂಡಿ ಎದ್ದು ನಿಂತಳು.

"ಕಣ್ಣ ಕಾಣಂಗಿಲ್ಲೇನ ನಿನಗ? ಮುಟ್ಟಬ್ಯಾಡ. ದೂರ ಸರಿ. ಬಡಿಸೂದು ಸೈತ ಬರಂಗಿಲ್ಲ, ಹಡದಾಕಿ ಏನ ಕಲಿಸ್ಯಾಳ ನಿನಗ?"

ಹೊಟೇಲಿನಲ್ಲಿ ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ತನ್ನ ಧ್ವನಿ ಬೇರೆ ಯಾರದೋ ಅನ್ನಿಸುತ್ತಿತ್ತು. ಅದು ನಿಂತರೆ ತಾನು ಬಿದ್ದೇನೆಂಬ ಹೆದರಿಕೆಯಿಂದ ಅವಳು ನಿಲ್ಲಿಸಲಿಲ್ಲ. ತಾನು ಲಿಂಗ ಕಟ್ಟಿದವಳು, ಭವಿಗಳ ಕೈಯ ಅನ್ನ ಬೇಡವೆಂದು ಮೊದಲೇ ಬಡಕೊಂಡಿದ್ದೆ, ಅಳಿಯ ಕೇಳಲಿಲ್ಲ, ಈ ದಂಡಪಿಂಡವನ್ನು ತನ್ನ ಮುಂದೆ ಕಳಿಸಿದರೆ ತಾಟು ಬೀದಿಗೆ ಎಸೆಯುತ್ತೇನೆ ಎಂದು ಒಂದೇ ಉಸಿರಿಗೆ ಬೈದಳು. ಬೈಯುತ್ತ ಅವನನ್ನು ನೇರವಾಗಿ ನೋಡಿದಳು. ಅಪರಿಚಿತನನ್ನು ಬೈಯುವವಳು ಮುಖ ನೋಡಿಯೇ ಬೈಯಬೇಕಲ್ಲ. ಹೀಗೆ ಅವಳಿಗೆ ಮಗನ ಮುಖವನ್ನು ಕಣ್ತುಂಬ ನೋಡಲು ಸಿಕ್ಕಿತು. ಅವನ ಕಣ್ಣು ಮೊದಲು ಅಗಲವಾದವು. ಆಮೇಲೆ ಅವಳ ಹೆಗಲಾಚೆ, ಕಾಫಿ ಕುಡಿಯುತ್ತಿದ್ದವನತ್ತ ಒಂದು ಸಲ ಸರಿದು ಬಂದವು. ಅರ್ಥವಾಯಿತೆಂದು ಅವಳಿಗೆ ಅರ್ಥವಾಯಿತು.

"ತಪ್ಪಾಯಿತು ಅಮ್ಮ," ಎಂದು ಅವನು ತಲೆ ತಗ್ಗಿಸಿದ.

ಸಂಕಪ್ಪ ಗಲ್ಲೆ ಬಿಟ್ಟು ಓಡಿ ಬಂದ. ಅವನೂ ಏನೂ ಅರಿಯದವನಲ್ಲ. ಹುಡುಗನ ಕೈಯಿಂದ ಬಕೆಟು ಕಸಿದುಕೊಂಡು, "ಒಳಗೆ ಹೋಗಿ ಪಾತ್ರೆ ತೊಳಿ. ಹೊರಗೆ ಬರ್ಬೇಡ," ಎಂದು ಗದರಿದ. ಬಿಳಿ ಪಂಚೆ ಅಡಿಗೆಮನೆಯ ಹೊಗೆಯಲ್ಲಿ ಮರೆಯಾಯಿತು.

ಶಿವಬಸವ್ವ ಕೂತಳು. ಕಲ್ಲವ್ವ ಕೂಸಿನ ಮುಖಕ್ಕೆ ಮುಖ ಹಚ್ಚಿ ಬಗ್ಗಿಬಿಟ್ಟಿದ್ದಳು. ಅವಳ ಬೆನ್ನು ಅಲುಗುತ್ತಿತ್ತು. ನಿಜಲಿಂಗಪ್ಪ ಬಾಯಿಗೆ ಹಾಕಿದ ತುತ್ತನ್ನು ಅಗಿಯುವುದನ್ನೇ ಮರೆತಿದ್ದ. ತಾನು ಮಾಡಿದ ಉಪಕಾರಕ್ಕೆ ಅತ್ತೆ ಹೀಗೇಕೆ ಮಾಡಿದಳೆಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬೂದು ಟೋಪಿಯವನು ಎದ್ದು ಅವರ ಮೇಜಿಗೇ ಬಂದ.

"ಏನವ್ವಾ, ಗುರ್ತು ಹತ್ತಿತೇನು? ದೌಂಡದಾಗ ನೀರು ತಂದು ಕೊಟ್ಟಿದ್ನೆಲ್ಲಾ."

ಗುರುತು ಹತ್ತದೆ ಏನು ಎಂದು ಶಿವಬಸವ್ವ ಅಂದಳು. ಅಳಿಯನಿಗೆ, ಇವರು ರೈಲಿನಲ್ಲಿ ಜೊತೆಗಿದ್ದರು, ನಮ್ಮ ವಾಡೆಯ ಮುಂದಿನ ಸೈಕಲ್ ಅಂಗಡಿಯಲ್ಲೂ ಕೂತಿರುತ್ತಾರೆ ಎಂದು ಬಿಡಿಸಿ ಹೇಳಿದಳು. ನಿಜಲಿಂಗಪ್ಪನ ಮುಖದಿಂದ ರಕ್ತ ಇಳಿದುಹೋದದ್ದು ಅವಳಿಗೆ ಕಂಡಿತು. ಅವನು ತಟ್ಟನೆ ನೀರಿನ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದ.

ಆ ಮನುಷ್ಯ ನಗುತ್ತಿದ್ದ. ಪಾಪದ ಹುಡುಗ, ಯಾಕೆ ಅಷ್ಟು ಸಿಟ್ಟಾದಿರಿ ಎಂದು ಕೇಳಿದ. ಕೇಳುವಾಗ ಅವನ ಕಣ್ಣು ನಗುತ್ತಿರಲಿಲ್ಲ. ಶಿವಬಸವ್ವ ಕೆಂಪಗಾದ ಮುಂಗೈಯನ್ನು ಅವನ ಮುಂದೆ ಚಾಚಿದಳು.

"ನೋಡ್ರಿಲ್ಲಿ, ಬೊಬ್ಬಿ ಎದ್ದದ. ನಿಮ್ಮ ಕೈಮ್ಯಾಲ ಸುರುವಿದ್ರ ಸುಮ್ಮ ಇರ್ತಿದ್ರೇನು?"

ಆಮೇಲೆ ಅವಳು ಬಾಯಿಗೆ ಬಂದದ್ದನ್ನು ಮಾತಾಡಿದಳು. ಊರಿನ ಬಿಸಿಲು, ಪುಣೆಯ ನೀರು, ಮೊಮ್ಮಗಳ ನೆಗಡಿ. ಮಾತಾಡುತ್ತಾಡುತ್ತ ಅವಳಿಗೆ ಒಂದು ಯೋಚನೆ ಬಂತು. ಇವನು ಇಲ್ಲೇ ಉಳಿದರೆ ಅಡಿಗೆಮನೆಯವನು ಹೊರಗೆ ಬರುವಂತಿಲ್ಲ. ಇವನು ಎಲ್ಲಿಗೆ ಹೋಗುತ್ತಾನೆ? ತಾನು ಎಲ್ಲಿಗೆ ಹೋದರೆ ಅಲ್ಲಿಗೆ. ಪರರ ಕೈಯ ಅನ್ನಕ್ಕೆ ಕೂತ ಪಾಪಕ್ಕೆ ದೇವರ ದರ್ಶನ ಮಾಡಿಯೇ ಮನೆಗೆ ಹೋಗಬೇಕು, ಪರ್ವತಿ ಗುಡ್ಡದ ಮೇಲೆ ಶಿವನ ಗುಡಿ ಇದೆಯಂತೆ, ದೂರವೇ ಎಂದು ಅವನನ್ನೇ ಕೇಳಿದಳು. ಟಾಂಗಾ ಸಿಗುತ್ತದೆ ಎಂದು ಅವನು ಹೇಳಿ ತನ್ನ ಮೇಜಿಗೆ ಹೋದ.

ತಾಟಿನಲ್ಲಿ ಅನ್ನ ಹಾಗೇ ಇತ್ತು. ಅದರ ಮೇಲೆ ಅವನ ಕೈಯ ಸಾರು ಅರ್ಧ ಸೌಟಿನಷ್ಟು ಬಿದ್ದಿತ್ತು. ಅಷ್ಟು ರಂಪ ಮಾಡಿದವಳು ಅದನ್ನು ಉಣ್ಣುವಂತಿರಲಿಲ್ಲ. ಅವಳು ತಾಟನ್ನು ಬದಿಗೆ ದೂಡಿದಳು. ಸುಬ್ಬಯ್ಯ ಬಂದು ಎತ್ತಿಕೊಂಡು ಹೋದಾಗ ಅದರ ಹಿಂದೆಯೇ ಕಣ್ಣು ಹೋಗದಂತೆ ಅವಳು ತಡೆದುಕೊಂಡಳು.

ಹೊರಗೆ ಟಾಂಗಾ ಬಂದು ನಿಂತಿತು. ಬೂದು ಟೋಪಿಯವನು ಗಲ್ಲೆಯ ಮುಂದೆ ಚಿಲ್ಲರೆಗಾಗಿ ನಿಂತಿದ್ದ. ಸಂಕಪ್ಪ ಚಿಲ್ಲರೆ ಹುಡುಕುವುದರಲ್ಲಿ ಬೇಕೆಂದೇ ತಡ ಮಾಡುತ್ತಿದ್ದ. ಕಲ್ಲವ್ವನನ್ನು ಹತ್ತಿಸುವ ನೆವದಿಂದ ಬಗ್ಗಿದ ನಿಜಲಿಂಗಪ್ಪ ಅತ್ತೆಯ ಕಿವಿಯ ಹತ್ತಿರ ಹೇಳಿದ.

"ತೋರಿಸಬೇಕಂತ ಮಾಡಿದ್ದೆ ಅತ್ತಿ. ತಪ್ಪು ತಿಳೀಬ್ಯಾಡ್ರಿ."

"ತೋರಿಸಿದ್ರೆಲ್ಲಾ. ನೋಡಿದೆ." ಅವಳು ಸೆರಗು ಸರಿ ಮಾಡಿಕೊಳ್ಳುತ್ತ, ತುಟಿ ಅಲುಗದಂತೆ ಮಾತಾಡಿದಳು. "ಇಂವನ್ನ ನಾ ಕರ್ಕೊಂಡು ಹೋಗ್ತೀನಿ. ಹುಡುಗಂದು ನಿಮಗ ಬಿಟ್ಟದ್ದು."

ಅವನು ಟಾಂಗಾವಾಲಾನಿಗೆ ಮರಾಠಿಯಲ್ಲಿ ದಾರಿ ಹೇಳಿ, ಕಚೇರಿಗೆ ಹೋಗುವವನಂತೆ ಟೋಪಿ ಸರಿಮಾಡಿಕೊಂಡು ನಡೆದ. ಆ ಬೆನ್ನು ನೋಡುತ್ತ ಶಿವಬಸವ್ವನಿಗೆ, ಇವನು ಎಷ್ಟು ಹೆದರಿದ್ದಾನೆ ಎಂಬುದು ಮೊದಲ ಸಲ ಕಂಡಿತು. ಹೆದರಿಯೂ ಇಷ್ಟು ದಿನ ನಡೆದಿದ್ದಾನೆ ಎಂಬುದು ಕೂಡ.

ಟಾಂಗಾ ದಂಡಿನ ಕ್ಯಾಂಪು ದಾಟಿ ಪೇಟೆಗಳನ್ನು ಹಾದು ಹೋಗುವಾಗ ಅವಳು ಹಿಂದೆ ತಿರುಗಿ ನೋಡಲಿಲ್ಲ. ಇನ್ನೊಂದು ಟಾಂಗಾದ ಗೆಜ್ಜೆಯ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಒಮ್ಮೆ ಅದು ಕೇಳದಾದಾಗ, ಮಗುವಿಗೆ ಬಿಸಿಲು ತಾಗುತ್ತದೆ, ನೆರಳಲ್ಲಿ ತುಸು ನಿಲ್ಲಿಸಪ್ಪಾ ಎಂದು ನಿಲ್ಲಿಸಿದಳು. ಗೆಜ್ಜೆ ಮತ್ತೆ ಕೇಳಿಸಿದ ಮೇಲೆಯೇ ಹೊರಡಿಸಿದಳು.

ಗುಡ್ಡದ ಮೆಟ್ಟಿಲು ಅಗಲವಾಗಿದ್ದವು, ಮುಗಿಯುತ್ತಲೇ ಇರಲಿಲ್ಲ. ಮೇಲೆ ಗಾಳಿ ಇತ್ತು. ಗರ್ಭಗುಡಿಯ ಮುಂದೆ ನಿಂತಾಗ ಅವಳಿಗೆ ಬೇಡಿಕೊಳ್ಳಲು ಒಂದು ಮಾತೂ ತೋಚಲಿಲ್ಲ. ಏನು ಕೇಳಿದರೂ ಅದು ಕೆಳಗೆ ನಿಂತವನಿಗೆ ಕೇಳಿಸೀತೆಂಬಂತೆ ಮನಸ್ಸನ್ನೂ ಮುಚ್ಚಿಕೊಂಡು ಕೈ ಮುಗಿದಳು. ಆಮೇಲೆ ಪ್ರದಕ್ಷಿಣೆ ಸುರು ಮಾಡಿದಳು. ಬೂದು ಟೋಪಿಯವನು ಏದುಸಿರು ಬಿಡುತ್ತ ಹತ್ತಿ ಬಂದು ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದ. ಟೋಪಿಯ ಕೆಳಗೆ ಅವನ ತಲೆ ಬೆಳ್ಳಗಿತ್ತು. ಅವನಿಗೂ ವಯಸ್ಸಾಗಿತ್ತು.

"ಯವ್ವಾ, ಅಂವ ಭಾಳ ಸೊರಗ್ಯಾನ," ಎಂದಳು ಕಲ್ಲವ್ವ, ಗುಡಿಯ ಹಿಂಬದಿಯ ನೆರಳಿಗೆ ಬಂದಾಗ.

"ಯಾರು?" ಎಂದಳು ಶಿವಬಸವ್ವ. ಮಗಳು ಉತ್ತರ ಕೊಡುವ ಮೊದಲೇ, "ಯಾರೂ ಇಲ್ಲ. ಕೂಸಿನ್ನ ಕೊಡು ಇಲ್ಲಿ. ಇನ್ನೊಂದು ಸುತ್ತು ಹಾಕೂಣು," ಎಂದಳು.

ಹೊತ್ತು ಇಳಿಯುವವರೆಗೂ ಅವರು ಸುತ್ತಿದರು. ಕಾಲು ಊದಿಕೊಂಡವು. ಪೂಜಾರಿ ಬಂದು, ಏನು ಹರಕೆ ಬಾಯಿ ಎಂದು ಮರಾಠಿಯಲ್ಲಿ ಕೇಳಿದ. ಅವಳಿಗೆ ಮಾತು ತಿಳಿಯಲಿಲ್ಲ. ಹೌದೆಂದು ತಲೆಯಾಡಿಸಿ ಮುಂದೆ ನಡೆದಳು.

ಆ ಸಂಜೆ ನಿಜಲಿಂಗಪ್ಪ ತಡವಾಗಿ ಮನೆಗೆ ಬಂದ. ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ವಾಡೆಯ ಗೋಡೆಗಳು ತೆಳುವಾಗಿದ್ದವು. ಮನೆಯೊಡತಿ ರಂಗೂಬಾಯಿಯ ಕೆಮ್ಮು ಪಕ್ಕದಲ್ಲೇ ಕೂತು ಕೆಮ್ಮಿದಂತೆ ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಶಿವಬಸವ್ವ ಕಿಟಕಿಯ ಕದ ತೆರೆದಾಗ ಸೈಕಲ್ ಅಂಗಡಿಯ ಬೆಂಚು ಖಾಲಿ ಇತ್ತು. ಅವಳ ಕೈ ಕದದ ಮೇಲೆಯೇ ಉಳಿಯಿತು. ನಳಕ್ಕೆ ಹೋದಳು. ಅಲ್ಲೂ ಅವನಿರಲಿಲ್ಲ. ಕೊಡ ತುಂಬಿದ್ದರೂ ಮತ್ತೆ ಚೆಲ್ಲಿ ಇನ್ನೊಮ್ಮೆ ಹೋದಳು. ಕಾಯಿಪಲ್ಲೆಯ ನೆವದಿಂದ ಓಣಿಯ ತುದಿಯವರೆಗೆ ಹೋಗಿ ನಿಂತಳು. ಎರಡು ದಿನ ಅವನು ಕಂಡನೆಂದು ನಡುಗಿದವಳು ಇಂದು ಅವನು ಕಾಣಲಿಲ್ಲವೆಂದು ನಡುಗಿದಳು. ಅವನು ಅವಳನ್ನು ಬಿಟ್ಟಿದ್ದಾನೆಂದರೆ ಅವನಿಗೆ ಬೇರೆ ಏನೋ ಸಿಕ್ಕಿದೆ. ಹುಡುಗನ ಕಣ್ಣು ಅವನತ್ತ ಸರಿದದ್ದನ್ನು ನೋಡಿದ್ದಾನೆ. ಇಲ್ಲವೇ ಅಳಿಯನ ಹಿಂದೆ ಇನ್ನೊಬ್ಬ ಹೋಗಿದ್ದಾನೆ. ಈಗ ಎಲ್ಲೋ ಒಂದು ಕೋಣೆಯಲ್ಲಿ ಬೆಂಚಿನ ಮೇಲೆ ಮಗನ ಅಂಗೈ ಒತ್ತಿ ಹಿಡಿದಿದ್ದಾರೆ.

ಮಧ್ಯಾಹ್ನ ಅವಳು ಉಣ್ಣಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿಯ ಪಕ್ಕ ಕೂತಳು. ಹಾದಿಯಲ್ಲಿ ಪೊಲೀಸನ ಬೂಟಿನ ಸದ್ದು ಕೇಳಿದರೆ ಕೂಸನ್ನು ಅವುಚಿಕೊಳ್ಳುವಳು. ಕೂಸು ಕಿರುಚಿದಾಗ ಕಲ್ಲವ್ವ ಬಂದು ಅದನ್ನು ಇಸಿದುಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಿಸಿಲು ಎದುರು ಗೋಡೆ ಹತ್ತಿದಾಗ ಶಿವಬಸವ್ವ ಎದ್ದು ಒಲೆ ಹೊತ್ತಿಸಿದಳು. ಕೈಗೆ ಏನಾದರೂ ಕೆಲಸ ಬೇಕಿತ್ತು. ಜೋಳದ ಹಿಟ್ಟು ನಾದಿ ಮುದ್ದೆ ಮಾಡುತ್ತ ಒಮ್ಮೆ ಕತ್ತೆತ್ತಿದಳು. ಸೈಕಲ್ ಅಂಗಡಿಯ ಬೆಂಚಿನ ಮೇಲೆ ಬೂದು ಟೋಪಿ ಇತ್ತು. ಅವನು ಒಂದು ಕಾಲಿನ ಚಪ್ಪಲಿ ಬಿಚ್ಚಿ, ಗುಡ್ಡ ಹತ್ತಿ ಬೊಬ್ಬೆ ಬಂದ ಪಾದಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಸುತ್ತಿ ಮುಗಿಸಿ, ಬೀಡಿ ಹಚ್ಚಿ, ಎಂದಿನಂತೆ ವಾಡೆಯ ಬಾಗಿಲ ಕಡೆ ನೋಡುತ್ತ ಕೂತ. ಶಿವಬಸವ್ವ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ನಿಜಲಿಂಗಪ್ಪ ಕಚೇರಿಯಿಂದ ಬಂದು, ಕೋಟು ಗೂಟಕ್ಕೆ ಹಾಕಿ, ಚಿಲಕ ಹಾಕಿ, ಅದನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ಕೈಕಾಲು ತೊಳೆದು ಬಂದು ಒಲೆಯ ಹತ್ತಿರದ ಮಣೆಯ ಮೇಲೆ ಕೂತ. ತಾಟು ನೋಡುತ್ತ, ಹೆಂಡತಿಗೋ ಅತ್ತೆಗೋ ಎಂದು ತಿಳಿಯದ ಹಾಗೆ ಹೇಳಿದ.

"ಸಂಕಪ್ಪನ ಹೊಟೇಲಿನ್ಯಾಗ ಸಾರು ಬಡಿಸಾಕ ಹೊಸಾ ಮನಶ್ಯಾ ಬಂದಾನ. ಮೊದಲಿನಾಂವ ನಿನ್ನಿ ರಾತ್ರೀನ ಕೆಲಸಾ ಬಿಟ್ಟು ದೂರ ಹೋದನಂತ."

ರೊಟ್ಟಿ ಬಡಿಯುತ್ತಿದ್ದ ಶಿವಬಸವ್ವನ ಕೈ ನಿಂತಿತು. ಆಮೇಲೆ ಮತ್ತೆ ಬಡಿಯತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಎಂದಿನ ಲಯಕ್ಕೆ. ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕಿ ನೀರು ಸವರಿದಳು. ಕಲ್ಲವ್ವ ಕೂಸನ್ನು ಎತ್ತಿಕೊಂಡು ಪಕ್ಕಕ್ಕೆ ಬಂದು ಕೂತಳು. ಹಂಚಿನ ಮೇಲೆ ರೊಟ್ಟಿ ಒಂದು ಬದಿಯಿಂದ ಮೆಲ್ಲಗೆ ಉಬ್ಬಿತು. ಉಬ್ಬು ಅತ್ತಿತ್ತ ಹರಿದು ಇಡೀ ರೊಟ್ಟಿ ತುಂಬಿ ನಿಂತಿತು. ಒಳಗಿನ ಹಬೆ ಎಲ್ಲೂ ಹೊರಬೀಳಲಿಲ್ಲ.